ಮನಸ್ಸಿನ ಚಿಕಿತ್ಸಕರನ್ನು ಅರಸುವ ಬಗೆ

ಜ್ವರ ಬಂದರೆ ಯಾರ ಬಳಿಗೆ ಹೋಗಬೇಕೆಂಬುದು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ಹಲ್ಲು ನೋವಿಗೆ ಹಲ್ಲಿನ ವೈದ್ಯರು, ಕಣ್ಣು ಮಂಜಾದರೆ ಕಣ್ಣಿನ ವೈದ್ಯರು. ಇದರಲ್ಲಿ ಯಾರಿಗೂ ಸಂದೇಹವಿಲ್ಲ, ಸಂಕೋಚವೂ ಇಲ್ಲ. ಆದರೆ ವಾರಗಟ್ಟಲೆ ನಿದ್ರೆ ಬಾರದೆ, ಓದಿದ್ದು ತಲೆಗೆ ಹತ್ತದೆ, ಊಟ ಸೇರದೆ, ಕಾರಣವಿಲ್ಲದೆ ಕಣ್ಣೀರು ಬರುವ ಸ್ಥಿತಿ ಒದಗಿದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಕೇಳಿದರೆ ಒಬ್ಬರೋ ಇಬ್ಬರೋ ಬೆಂಗಳೂರಿನ ನಿಮ್ಹಾನ್ಸ್‌ನ ಹೆಸರು ಹೇಳಿಯಾರು. ಉಳಿದವರು ಒಬ್ಬರ ಮುಖವನ್ನೊಬ್ಬರು ನೋಡಿಯಾರು. ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮ ಸ್ಥಿತಿಯೇ ಹೀಗಿರುವಾಗ, ಶಾಲೆಯ ಮೆಟ್ಟಿಲು ಹತ್ತದ ತಂದೆತಾಯಿಗಳ ಪಾಡೇನು?

ನಾನು ಬಲ್ಲ ಒಬ್ಬ ವಿದ್ಯಾರ್ಥಿಯ ವಿಷಯವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಅವನು ವಿದ್ಯಾರ್ಥಿನಿಲಯದಲ್ಲಿದ್ದ ಹುಡುಗ. ಮಾತಿನವನು, ಚೆಂಡಾಟದಲ್ಲಿ ಮುಂದು. ಎರಡನೆಯ ವರ್ಷದಲ್ಲಿ ಕ್ರಮೇಣ ಮೌನಿಯಾದ. ತರಗತಿಗೆ ಬರುವುದನ್ನು ಬಿಟ್ಟ; ಹಗಲೆಲ್ಲ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದ. ತಂದೆ ಬಂದು ಊರಿಗೆ ಕರೆದೊಯ್ದರು. ಮೊದಲು 'ಗಾಳಿ ಸೋಕಿದೆ' ಎಂದರು. ಶಾಸ್ತ್ರ ಕೇಳಿಸಿ ತಾಯತ ಕಟ್ಟಿಸಿದರು. ಅದರಿಂದ ಫಲ ಕಾಣದಿರಲು ಪೇಟೆಯಲ್ಲಿ 'ಮನಶ್ಶಾಸ್ತ್ರ ತಜ್ಞರು' ಎಂಬ ದೊಡ್ಡ ಫಲಕ ಕಂಡು ಅಲ್ಲಿಗೆ ಹೋದರು. ಹತ್ತು ಭೇಟಿಗಳಲ್ಲಿ ಸಂಪೂರ್ಣ ಗುಣವೆಂದು ಅಲ್ಲಿ ಭರವಸೆ ಸಿಕ್ಕಿತು. ಹಣವನ್ನು ಮುಂಗಡವಾಗಿ ಕಟ್ಟಿಸಿಕೊಂಡರು. ಹುಡುಗನಿಗೆ ಹೇಳಿದ್ದು ಒಂದೇ ಮಾತು: 'ನಿನಗೆ ಮನೋಬಲ ಸಾಲದು.' ತಂದೆ ಹಸುವನ್ನು ಮಾರಿ ಹಣ ತಂದಿದ್ದರು. ಅವರ ವಿದ್ಯಾರ್ಹತೆ ಏನೆಂದು ಕೇಳಬೇಕೆಂಬುದು ಅವರಿಗಾಗಲಿ, ನೋಡಲು ಹೋಗಿದ್ದ ನಮಗಾಗಲಿ ಹೊಳೆಯಲಿಲ್ಲ. ಹೀಗೆ ಐದು ತಿಂಗಳು ಕಳೆಯಿತು; ಪರೀಕ್ಷೆಯೂ ತಪ್ಪಿತು. ಕೊನೆಗೆ ಊರಿನ ಆಶಾ ಕಾರ್ಯಕರ್ತೆಯೊಬ್ಬರು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿರೆಂದು ಹೇಳಿದರು. ಅಲ್ಲಿ ಮನೋವೈದ್ಯರು ನೋಡಿ ಖಿನ್ನತೆಯೆಂದು ಗುರುತಿಸಿ ಔಷಧ ಕೊಟ್ಟರು. ಅವರ ಪಕ್ಕದ ಕೊಠಡಿಯಲ್ಲಿದ್ದ ಮನಶ್ಶಾಸ್ತ್ರಜ್ಞೆ ವಾರಕ್ಕೊಮ್ಮೆ ಅವನೊಡನೆ ಕುಳಿತು ಮಾತನಾಡಿದರು. ಮರುವರ್ಷ ಅವನು ಕಾಲೇಜಿಗೆ ಮರಳಿದ.

ಆ ಆಸ್ಪತ್ರೆ ಆ ದೊಡ್ಡ ಫಲಕದಿಂದ ಅರ್ಧ ಕಿಲೋಮೀಟರಿನಷ್ಟೂ ದೂರವಿರಲಿಲ್ಲ ಎಂಬುದೇ ಈ ಲೇಖನವನ್ನು ಬರೆಯಲು ಕಾರಣ.

ಯಾರು ಯಾರು?

ಅರಸುವ ಮುನ್ನ ಅರಸಬೇಕಾದವರು ಯಾರೆಂಬುದನ್ನು ತಿಳಿಯಬೇಕಷ್ಟೆ. ಜನಸಾಮಾನ್ಯರ ಮಾತಿನಲ್ಲಿ 'ಮನಸ್ಸಿನ ಡಾಕ್ಟರು' ಎಂಬ ಒಂದೇ ಹೆಸರಿನ ಅಡಿಯಲ್ಲಿ ಬೇರೆ ಬೇರೆ ಕಸುಬಿನವರು ಸೇರಿಹೋಗಿದ್ದಾರೆ.

ಮೊದಲನೆಯವರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ಇವರು ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದ ವೈದ್ಯರು. ರೋಗನಿದಾನ ಮಾಡುವರು, ಔಷಧ ಬರೆದುಕೊಡುವರು. ಇತರ ವೈದ್ಯರಂತೆ ಇವರ ಹೆಸರೂ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು.

ಎರಡನೆಯವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಔಷಧ ಕೊಡುವ ವೈದ್ಯರಲ್ಲ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಕೆಲಸಮಾಡಿ ತರಬೇತಿ ಹೊಂದಿದವರು. ಬುದ್ಧಿಶಕ್ತಿ, ಸ್ಮರಣೆ, ವ್ಯಕ್ತಿತ್ವ ಮುಂತಾದವನ್ನು ಪರೀಕ್ಷಿಸುವುದೂ, ಕ್ರಮಬದ್ಧವಾದ ಮಾತುಕತೆಯಿಂದ ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದಿಕೊಳ್ಳಲು ನೆರವಾಗುವುದೂ ಇವರ ಕಾರ್ಯ.

ಮೂರನೆಯವರು ಆಪ್ತ ಸಮಾಲೋಚಕರು. ಸಂಸಾರದ ವಿರಸ, ವ್ಯಾಸಂಗದ ಗೊಂದಲ, ಅಗಲಿಕೆಯ ದುಃಖ ಮೊದಲಾದ ಸಂದರ್ಭಗಳಲ್ಲಿ ಇವರ ನೆರವು ದೊಡ್ಡದು. ಆದರೆ ಈ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವಂತಿರುವುದರಿಂದ, ಎರಡು ವರ್ಷ ಓದಿದವರೂ ಎರಡು ದಿನದ ಶಿಬಿರ ಮುಗಿಸಿದವರೂ ಒಂದೇ ಬಗೆಯ ಫಲಕದ ಕೆಳಗೆ ಕುಳಿತಿರಬಹುದು.

ಇವರ ಜೊತೆಗೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆಂಬ ಇನ್ನೊಂದು ವರ್ಗವುಂಟು. ರೋಗಿಯ ಮನೆ, ಕೆಲಸ, ನೆರೆಹೊರೆಗಳೊಡನೆ ಸಂಬಂಧವನ್ನು ಸರಿಪಡಿಸುವ ಹೊಣೆ ಇವರದು. ಇನ್ನು ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಪದವಿಯೊಂದನ್ನೇ ಪಡೆದವರು ಆ ಶಾಸ್ತ್ರದ ವಿದ್ವಾಂಸರಾಗಿರಬಹುದು, ಉತ್ತಮ ಅಧ್ಯಾಪಕರಾಗಿರಬಹುದು. ಆದರೆ ಆ ಪದವಿಯೊಂದೇ ಚಿಕಿತ್ಸೆಯ ಅಧಿಕಾರವನ್ನು ಕೊಡುವುದಿಲ್ಲ. ಸಸ್ಯಶಾಸ್ತ್ರ ಓದಿದವರೆಲ್ಲ ನಾಟಿವೈದ್ಯರಾಗುವುದಿಲ್ಲವಷ್ಟೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ

ಮನಸ್ಸಿನ ಚಿಕಿತ್ಸೆ ಪರದೇಶದ ಶೋಕಿಯೆಂದು ಮೂಗು ಮುರಿಯುವವರಿದ್ದಾರೆ. ಅವರು ನಮ್ಮ ನಾಡಿನ ಚರಿತ್ರೆಯನ್ನೇ ಮರೆತಿರುವರು. ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ಎಂ.ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ತಮ್ಮ ಮನೆಯಿಂದ ಆರಂಭಿಸಿದವರು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಚಿಕಿತ್ಸಾ ಮನಶ್ಶಾಸ್ತ್ರದ ಶಿಕ್ಷಣ ಅಲ್ಲಿ ಬೇರೂರಿತು. ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಇದಕ್ಕಿಂತ ಹೆಮ್ಮೆಪಡಬೇಕಾದ ಸಂಗತಿ ಬಳ್ಳಾರಿಯದು. ದೊಡ್ಡ ಆಸ್ಪತ್ರೆಗೆ ರೋಗಿ ಬರಲೆಂದು ಕಾಯುವುದಕ್ಕಿಂತ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಜಿಲ್ಲೆಯಲ್ಲಿಯೇ ಚಿಕಿತ್ಸೆ ದೊರಕಿಸಬಹುದೆ ಎಂಬ ಪ್ರಯೋಗವನ್ನು ನಿಮ್ಹಾನ್ಸ್ ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದು ಫಲಕಾರಿಯೆನಿಸಿ, ೧೯೯೬ರಲ್ಲಿ ಅದೇ ಮಾದರಿಯ ಮೇಲೆ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಡೀ ದೇಶಕ್ಕೆ ಮೇಲ್ಪಂಕ್ತಿಯಾದ ದಾರಿಯೊಂದು ನಮ್ಮ ಬಯಲುಸೀಮೆಯಲ್ಲಿ ಹುಟ್ಟಿದ್ದರೂ ನಮ್ಮವರೇ ಆ ದಾರಿಯನ್ನು ಅರಿಯದಿರುವುದು ವಿಷಾದಕರ.

ಫಲಕವಲ್ಲ, ಪಟ್ಟಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಯೋಗ್ಯತೆಯನ್ನು ನಾವು ಹೇಗೆ ತಿಳಿಯುವುದು? ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರಗಳ ಸಂಖ್ಯೆಯಿಂದಲ್ಲ. ಹೆಸರಿನ ಮುಂದಿರುವ 'ಡಾ.' ಎಂಬ ಅಕ್ಷರದಿಂದಲೂ ಅಲ್ಲ. ಆ ಅಕ್ಷರ ಯಾವ ವಿಷಯದ ಸಂಶೋಧನೆಯಿಂದ ಬೇಕಾದರೂ ಬಂದಿರಬಹುದು. ಅದನ್ನು ತಿಳಿಸುವುದು ಸರ್ಕಾರದ ನೋಂದಣಿ ಪಟ್ಟಿ.

೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಮೇರೆಗೆ ಆರ್.ಸಿ.ಐ. ಎಂದು ಕರೆಯಲಾಗುವ ಪರಿಷತ್ತು ಅರ್ಹರ ಹೆಸರುಗಳನ್ನು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಬರೆದಿಡುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಈ ಪುಸ್ತಕದಲ್ಲಿ ಸೇರುವ ವೃತ್ತಿಪರರಲ್ಲೊಬ್ಬರು. ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆಯುಂಟು, ಅದಕ್ಕೆ ಅವಧಿಯುಂಟು, ಅವಧಿ ಮುಗಿದ ಮೇಲೆ ನವೀಕರಿಸಿಕೊಳ್ಳಬೇಕು. ಪರಿಷತ್ತಿನ ಅಂತರ್ಜಾಲ ತಾಣದಲ್ಲಿ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟು ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಣಿಯಿಲ್ಲದೆ ಪುನರ್ವಸತಿ ವೃತ್ತಿಪರರೆಂದು ವೃತ್ತಿ ನಡೆಸುವವರಿಗೆ ಆ ಕಾಯಿದೆಯ ೧೩ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ದಂಡದ ಮೊತ್ತ ಅಲ್ಪವೆಂಬುದು ಬೇರೆಯ ಮಾತು. ಇಂತಹದೊಂದು ಕಾನೂನು ಇದೆಯೆಂಬುದನ್ನಾದರೂ ನಾವು ತಿಳಿದಿರಬೇಕು.

೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ೨೦೧೮ರಲ್ಲಿ ಜಾರಿಗೆ ಬಂದಿತು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದರೆ ಯಾರೆಂಬುದನ್ನು ಆ ಕಾಯಿದೆ ಸ್ಪಷ್ಟವಾಗಿ ನಿರೂಪಿಸಿದೆ: ಪರಿಷತ್ತು ಮನ್ನಿಸಿದ ಸಂಸ್ಥೆಯಿಂದ ಚಿಕಿತ್ಸಾ ಮನಶ್ಶಾಸ್ತ್ರದ ಅರ್ಹತೆ ಪಡೆದವರು, ಇಲ್ಲವೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯ ತರಬೇತಿಯೂ ಸೇರಿದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮುಗಿಸಿದವರು. ಇಂಥವರನ್ನು ನೋಂದಾಯಿಸಿಕೊಂಡು ಅವರ ಪಟ್ಟಿಯನ್ನು ಪ್ರಕಟಿಸುವ ಹೊಣೆಯನ್ನು ಕಾಯಿದೆಯು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿದೆ.

ಪದವಿಗಳ ಹೆಸರನ್ನೇ ನೆಚ್ಚುವುದು ಸಾಲದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೨ರ ನಿಯಮಗಳ ಮೂಲಕ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು, ಚಿಕಿತ್ಸಾ ಮನಶ್ಶಾಸ್ತ್ರಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ ೨೦೨೫-೨೬ನೆಯ ಸಾಲಿನ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಆದುದರಿಂದ ಮುಂದೆ ಬರುವವರ ಪದವಿಗಳಿಗೆ ಬೇರೆ ಹೆಸರುಗಳಿರುತ್ತವೆ. ಪದವಿಯ ಹೆಸರು ಬದಲಾದರೂ ಪಟ್ಟಿಯಲ್ಲಿ ಹೆಸರಿದೆಯೆ ಎಂಬ ಪ್ರಶ್ನೆ ಬದಲಾಗದು.

ಇತರ ಮನಶ್ಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ ಒಂದು ವ್ಯವಸ್ಥೆಗೆ ಒಳಪಡಿಸುವ ಉದ್ದೇಶದಿಂದ ೨೦೨೧ರಲ್ಲಿ ಸಹಯೋಗಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂದಿದೆ. ಸಮಾಲೋಚಕರ ಬಳಿಗೆ ಹೋಗುವವರು ಅವರ ಪದವಿ ಯಾವುದು, ಯಾವ ವಿಶ್ವವಿದ್ಯಾನಿಲಯದ್ದು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರುವರು ಎಂಬುದನ್ನು ತಾವೇ ವಿಚಾರಿಸಿಕೊಳ್ಳುವುದು ಕ್ಷೇಮ.

ಎಲ್ಲಿ ಅರಸುವುದು?

ಪಟ್ಟಿಯಲ್ಲಿ ಹೆಸರಿದ್ದವರು ನಮ್ಮ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲದಿರಬಹುದು. ಇದು ಕಹಿಯಾದರೂ ಸತ್ಯ. ನಿಮ್ಹಾನ್ಸ್ ೧೨ ರಾಜ್ಯಗಳಲ್ಲಿ ನಡೆಸಿದ ೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ೧೦.೬ ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಬಹುಪಾಲು ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ನೂರಕ್ಕೆ ೭೦ನ್ನು ಮೀರಿತ್ತು. ತಜ್ಞರು ಕಡಿಮೆ, ಇರುವವರೂ ನಗರಗಳಲ್ಲಿ ನೆಲೆಸಿರುವರು. ಆದುದರಿಂದ ಮನೆಯ ಹತ್ತಿರದಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹತ್ತುವುದು ಉಚಿತ.

ಮೊದಲನೆಯ ಮೆಟ್ಟಿಲು ದೂರವಾಣಿ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ-ಮಾನಸ್' ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ತರಬೇತಿ ಹೊಂದಿದ ಸಮಾಲೋಚಕರು ಮೊದಲು ಮಾತನಾಡಿ, ಅಗತ್ಯ ಕಂಡರೆ ತಜ್ಞರೊಡನೆ ಸಂಪರ್ಕ ಕಲ್ಪಿಸುವರು. ಹತ್ತಿರದ ಸರ್ಕಾರಿ ಚಿಕಿತ್ಸಾ ಕೇಂದ್ರ ಯಾವುದೆಂದು ಇವರನ್ನೇ ಕೇಳಬಹುದು.

ಎರಡನೆಯದು ತಾಲ್ಲೂಕು ಆಸ್ಪತ್ರೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ 'ಮನೋಚೈತನ್ಯ' ಎಂಬ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ ೨೦೧೪ರಲ್ಲಿ ಆರಂಭಿಸಿತು. ನಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋದರೆ ಬಸ್ಸಿನ ಖರ್ಚು ವ್ಯರ್ಥವಾಗದು.

ಮೂರನೆಯದು ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಇರಬೇಕೆಂಬುದು ಯೋಜನೆಯ ಕ್ರಮ. ಎಲ್ಲ ಹುದ್ದೆಗಳೂ ಎಲ್ಲ ಕಾಲದಲ್ಲಿಯೂ ತುಂಬಿರುತ್ತವೆಂದು ಹೇಳಲಾಗದು. ಆದರೆ ಈ ತಂಡದವರಿಗೆ ಜಿಲ್ಲೆಯಲ್ಲಿ ಅರ್ಹರಾದ ಖಾಸಗಿ ಮನಶ್ಶಾಸ್ತ್ರಜ್ಞರು ಎಲ್ಲಿರುವರೆಂಬುದು ತಿಳಿದಿರುತ್ತದೆ. ಫಲಕಗಳನ್ನು ಓದುತ್ತ ಬೀದಿ ಅಲೆಯುವುದಕ್ಕಿಂತ ಇಲ್ಲಿ ಒಂದು ಮಾತು ಕೇಳುವುದು ಮೇಲು. ಸರ್ಕಾರಿ ವೈದ್ಯಕೀಯ ಕಾಲೇಜಿರುವ ಊರುಗಳಲ್ಲಿ ಅದರ ಮನೋವೈದ್ಯಶಾಸ್ತ್ರ ವಿಭಾಗವನ್ನೂ ಕಾಣಬಹುದು.

ನಾಲ್ಕನೆಯದು ದೊಡ್ಡ ಸಂಸ್ಥೆಗಳು. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗವಿದೆ. ಮಾತು ತಡವಾದ ಮಕ್ಕಳು, ಕಲಿಕೆಯಲ್ಲಿ ತೊಡಕುಳ್ಳ ಮಕ್ಕಳ ತಂದೆತಾಯಿಗಳಿಗೆ ಅದು ಉಪಯುಕ್ತ.

ಇಷ್ಟೆಲ್ಲ ಹೇಳಿದರೂ ಒಂದು ಎಚ್ಚರಿಕೆಯನ್ನು ಮರೆಯಬಾರದು. ಗೆಳೆಯನೊಬ್ಬನು ಬದುಕು ಬೇಡವೆಂಬ ಮಾತನ್ನಾಡಿದರೆ ಆಗ ಪಟ್ಟಿ ಹುಡುಕುತ್ತ ಕೂರಬಾರದು. ಅವನನ್ನು ಒಬ್ಬನನ್ನೇ ಬಿಡದೆ, ಬುದ್ಧಿವಾದ ಹೇಳದೆ, ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲಿಯೇ ೧೪೪೧೬ಕ್ಕೆ ಕರೆಮಾಡಬಹುದು. ಪೊಲೀಸರ ಭಯದಿಂದ ಮುಚ್ಚಿಡುವ ಕಾಲ ಹೋಯಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ೨೦೧೭ರ ಕಾಯಿದೆಯ ೧೧೫ನೆಯ ಕಲಮು ಹೇಳುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ಅಲ್ಲಿ ವಿಧಿಸಿದೆ.

ಮೊದಲ ಭೇಟಿ

ನಮ್ಮಲ್ಲಿ ವೈದ್ಯರನ್ನು ಪ್ರಶ್ನಿಸುವುದು ಅವಿನಯವೆಂಬ ಭಾವನೆ ಬಲವಾಗಿದೆ. ಆದರೆ ವಿನಯದಿಂದಲೇ ಕೇಳಬಹುದಾದ ಪ್ರಶ್ನೆಗಳಿವೆ. 'ಸರ್, ತಮ್ಮ ನೋಂದಣಿ ಸಂಖ್ಯೆ ತಿಳಿಸುವಿರಾ? ಇಂಥ ತೊಂದರೆಯವರನ್ನು ತಾವು ನೋಡಿರುವಿರಾ? ಎಷ್ಟು ಸಲ ಬರಬೇಕಾದೀತು, ಪ್ರತಿ ಸಲಕ್ಕೆ ಎಷ್ಟು ಶುಲ್ಕ?' ಎಂದು ಕೇಳಿದರೆ ಯೋಗ್ಯರಾದವರು ಮುನಿಯುವುದಿಲ್ಲ. ಸಂಖ್ಯೆಯನ್ನು ತಾವೇ ಬರೆದುಕೊಡುವರು. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿಯಿಂದ ಎದ್ದು ಬರುವುದರಲ್ಲಿ ತಪ್ಪಿಲ್ಲ.

ಒಳ್ಳೆಯ ಚಿಕಿತ್ಸಕರು ಮೊದಲ ದಿನ ಹೆಚ್ಚು ಕೇಳುವರು, ಕಡಿಮೆ ಹೇಳುವರು. ನಿದ್ರೆ, ಆಹಾರ, ಮನೆ, ಓದು, ಹಿಂದಿನ ಕಾಯಿಲೆ ಎಲ್ಲವನ್ನೂ ವಿಚಾರಿಸುವರು. ದೇಹದ ಕಾಯಿಲೆಯಿಂದಲೂ ಮನಸ್ಸು ಕುಗ್ಗಬಹುದಾದ್ದರಿಂದ ಅಗತ್ಯ ಕಂಡರೆ ವೈದ್ಯರ ಬಳಿಗೆ ಕಳುಹಿಸುವರು. ಇದಕ್ಕೆ ವಿರುದ್ಧವಾಗಿ, ಇಂತಿಷ್ಟು ದಿನದಲ್ಲಿ ಗುಣವೆಂದು ಖಚಿತ ಭರವಸೆ ಕೊಡುವವರು, ಹಣವನ್ನೆಲ್ಲ ಮುಂಗಡವಾಗಿ ಕೇಳುವವರು, ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸೆನ್ನುವವರು, ವೈದ್ಯರಲ್ಲದೆಯೂ ತಾವೇ ಮಾತ್ರೆ ಕೊಡುವವರು, ರೋಗಿಯನ್ನೇ ದೂಷಿಸುವವರು – ಇವರಿಂದ ದೂರವಿರಬೇಕು.

ನೋಂದಣಿಯಿದ್ದ ಮಾತ್ರಕ್ಕೆ ಎಲ್ಲರೂ ಎಲ್ಲರಿಗೂ ಹೊಂದುವರೆಂದೇನೂ ಅಲ್ಲ. ಮೂರು ನಾಲ್ಕು ಭೇಟಿಗಳ ಮೇಲೂ ಮನಸ್ಸು ಬಿಚ್ಚಿ ಮಾತನಾಡಲಾಗದಿದ್ದರೆ ಅದನ್ನು ಅವರಿಗೇ ಹೇಳಿ ಬೇರೊಬ್ಬರನ್ನು ಸೂಚಿಸಲು ಕೇಳಿಕೊಳ್ಳಬಹುದು. ಪಟ್ಟಿಯು ತರಬೇತಿಗೆ ಜಾಮೀನೇ ಹೊರತು ಹೃದಯಕ್ಕೆ ಜಾಮೀನಲ್ಲ. ಭಾಷೆಯನ್ನೂ ಗಮನಿಸಬೇಕು. ದುಃಖವನ್ನು ಮನೆಮಾತಿನಲ್ಲಿ ಹೇಳಿಕೊಂಡಷ್ಟು ಸುಲಭವಾಗಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಾಗದು. ಕನ್ನಡ ಬಲ್ಲವರನ್ನೇ ಕೇಳುವುದು ನಮ್ಮ ಹಕ್ಕು.

ಗುಟ್ಟು ಉಳಿಯುವುದೆ?

ನಮ್ಮವರನ್ನು ತಡೆಯುವುದು ಹಣವೂ ಅಲ್ಲ, ದೂರವೂ ಅಲ್ಲ, 'ಊರಿಗೆಲ್ಲ ತಿಳಿದರೆ?' ಎಂಬ ಅಳುಕು. ತಂಗಿಯ ಮದುವೆಗೆ ತೊಡಕಾದೀತು, ನೌಕರಿ ಸಿಗದಾದೀತು ಎಂಬ ಚಿಂತೆ. ಈ ಅಳುಕು ಹುಸಿಯೆಂದು ಹೇಳಲಾರೆ. ಸಮಾಜ ಇನ್ನೂ ಅಷ್ಟು ಬದಲಾಗಿಲ್ಲ. ಆದರೆ ೨೦೧೭ರ ಕಾಯಿದೆಯ ೨೩ನೆಯ ಕಲಮು ರೋಗಿಯ ವಿಷಯವನ್ನು ಗೋಪ್ಯವಾಗಿಡುವುದನ್ನು ಅವನ ಹಕ್ಕೆಂದು ಸಾರಿದೆ. ಪ್ರಾಣಾಪಾಯ, ಇತರರಿಗೆ ಹಾನಿ, ನ್ಯಾಯಾಲಯದ ಆಜ್ಞೆ ಮುಂತಾದ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಅಂದಮೇಲೆ ಪಡಸಾಲೆಯಲ್ಲಿ ನೆಂಟರ ಮುಂದೆ ಹೇಳಿಕೊಂಡ ಮಾತಿಗಿಂತ, ಚಿಕಿತ್ಸಕರ ಕೊಠಡಿಯಲ್ಲಿ ಆಡಿದ ಮಾತಿಗೇ ಹೆಚ್ಚು ರಕ್ಷಣೆಯುಂಟು.

ಈ ಲೇಖನವನ್ನು ಮುಗಿಸುವ ಮುನ್ನ ಅಧ್ಯಾಪಕವರ್ಗದವರಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಕಾಲೇಜಿನ ಸೂಚನಾಫಲಕದಲ್ಲಿ ಶುಲ್ಕ ಕಟ್ಟುವ ಕೊನೆಯ ದಿನಾಂಕ ಇದೆ, ಬಸ್ ಪಾಸಿನ ಸೂಚನೆ ಇದೆ, ವಿದ್ಯಾರ್ಥಿವೇತನದ ಪ್ರಕಟಣೆ ಇದೆ. ಅವುಗಳ ಪಕ್ಕದಲ್ಲಿ ನಾಲ್ಕು ಸಾಲಿನ ಒಂದು ಚೀಟಿಗೆ ಸ್ಥಳವಿಲ್ಲದಿಲ್ಲ: ೧೪೪೧೬ ಎಂಬ ಸಂಖ್ಯೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ, ಜಿಲ್ಲಾ ಆಸ್ಪತ್ರೆಯಲ್ಲಿ ಆ ತಂಡದವರು ಕುಳಿತುಕೊಳ್ಳುವ ಕೊಠಡಿ, ಜಿಲ್ಲೆಯಲ್ಲಿ ನೋಂದಣಿಯುಳ್ಳ ಮನಶ್ಶಾಸ್ತ್ರಜ್ಞರ ಹೆಸರುಗಳು. ಮನಶ್ಶಾಸ್ತ್ರದ ವಿದ್ಯಾರ್ಥಿಗಳಾದ ನಾವು ವರ್ಷಕ್ಕೊಮ್ಮೆ ಈ ವಿವರಗಳನ್ನು ಸಂಗ್ರಹಿಸಿ, ಪಟ್ಟಿಯೊಡನೆ ತಾಳೆನೋಡಿ ತಿದ್ದಿದರೆ ಓದಿದ್ದಕ್ಕೆ ಒಂದು ಸಾರ್ಥಕತೆಯೂ ಬಂದೀತು.

ಊರಿಗೆ ಮರಳಿ ಹೋಗಿ ಐದು ತಿಂಗಳು ಮುಸುಕು ಹಾಕಿ ಮಲಗಿದ್ದ ಆ ಹುಡುಗ ಈಗ ನಮ್ಮೊಡನೆ ಚೆಂಡಾಟಕ್ಕೆ ಬರುತ್ತಾನೆ. ಈ ಲೇಖನವನ್ನು ಮೊದಲು ಓದಿ, ತನ್ನ ವಿಷಯವನ್ನು ಹೆಸರಿಲ್ಲದೆ ಬರೆಯಲು ಒಪ್ಪಿದವನೂ ಅವನೇ. ಆ ಚೀಟಿಯನ್ನು ಸೂಚನಾಫಲಕಕ್ಕೆ ತಾನೇ ಅಂಟಿಸುವುದಾಗಿ ಹೇಳಿದ್ದಾನೆ.